ಆಕ್ಸಿಮೀಟರ್ 99 ತೋರಿಸುತ್ತಿತ್ತು: ಸಿಒಪಿಡಿ ಉಲ್ಬಣದ ಒಂದು ಪ್ರಕರಣ ಅಧ್ಯಯನ

ಬೆಳಗಿನ ಜಾವ ನಾಲ್ಕರ ಸುಮಾರಿಗೆ ತುರ್ತು ಚಿಕಿತ್ಸಾ ವಿಭಾಗಕ್ಕೆ ಬಂದಾಗ ರೋಗಿಯ ಬೆರಳಿಗೆ ಸಿಕ್ಕಿಸಿದ್ದ ಆಕ್ಸಿಮೀಟರ್ 99 ತೋರಿಸುತ್ತಿತ್ತು. ಕೆಮ್ಮು ನಿಂತಿತ್ತು, ಉಬ್ಬಸದ ಸದ್ದೂ ಇರಲಿಲ್ಲ. ಆಂಬುಲೆನ್ಸ್ ಹತ್ತುವಾಗ ನಿಮಿಷಕ್ಕೆ 34 ಬಾರಿ ಏದುಸಿರು ಬಿಡುತ್ತಿದ್ದವರು ಈಗ 20 ಬಾರಿ ಉಸಿರಾಡುತ್ತ ಕಣ್ಣು ಮುಚ್ಚಿ ಒರಗಿದ್ದರು. “ಮೂರು ರಾತ್ರಿಯಿಂದ ಕೂತೇ ಇದ್ರು ಡಾಕ್ಟ್ರೇ, ಈಗ ಸ್ವಲ್ಪ ನಿದ್ದೆ ಹತ್ತಿದೆ” ಎಂದು ಅವರ ಪತ್ನಿ ಸಮಾಧಾನದಿಂದ ಹೇಳಿದರು. ಹತ್ತು ನಿಮಿಷಗಳ ನಂತರ ಬಂದ ಅಪಧಮನಿ ರಕ್ತದ ಅನಿಲ ಪರೀಕ್ಷೆಯಲ್ಲಿ ರಕ್ತದ ಆಮ್ಲೀಯತೆ ಸೂಚಿಸುವ ಪಿಎಚ್ 7.27, ಕಾರ್ಬನ್ ಡೈಆಕ್ಸೈಡ್ ಒತ್ತಡ 68 ಮಿಲಿಮೀಟರ್, ಆಮ್ಲಜನಕದ ಒತ್ತಡ 142 ಮಿಲಿಮೀಟರ್ ಇದ್ದವು. ಅವರಿಗೆ ಹತ್ತಿದ್ದು ನಿದ್ದೆಯಾಗಿರಲಿಲ್ಲ, ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಏರಿದ್ದರ ಮಂಪರು.

ದೀರ್ಘಕಾಲಿಕ ಶ್ವಾಸಕೋಶ ಅಡಚಣೆಯ ಕಾಯಿಲೆ, ಅಂದರೆ ಸಿಒಪಿಡಿ, ಉಲ್ಬಣಗೊಂಡಾಗ ನಮ್ಮನ್ನು ಹೆದರಿಸುವ ಲಕ್ಷಣಗಳಿಗಿಂತ ನಮಗೆ ನೆಮ್ಮದಿ ಕೊಡುವ ಲಕ್ಷಣಗಳೇ ಹೆಚ್ಚು ದಾರಿ ತಪ್ಪಿಸುತ್ತವೆ ಎಂಬುದು ನನ್ನ ಅಭಿಪ್ರಾಯ. ಈ ಪ್ರಕರಣವನ್ನು ಆ ಕಾರಣಕ್ಕಾಗಿಯೇ ವಿವರವಾಗಿ ದಾಖಲಿಸುತ್ತಿದ್ದೇನೆ. ಇಲ್ಲಿ ಬರುವ ರೋಗಿ ಒಬ್ಬ ವ್ಯಕ್ತಿಯ ಯಥಾವತ್ ಚಿತ್ರವಲ್ಲ. ಇಂಥ ರೋಗಿಗಳಲ್ಲಿ ಮತ್ತೆ ಮತ್ತೆ ಎದುರಾಗುವ ಸಂಗತಿಗಳನ್ನು ಒಂದೇ ಪ್ರಕರಣವಾಗಿ ಹೆಣೆಯಲಾಗಿದೆ.

ಹಿನ್ನೆಲೆ

ರೋಗಿಗೆ 67 ವರ್ಷ. ವೆಲ್ಡಿಂಗ್ ಕೆಲಸದಿಂದ ನಿವೃತ್ತರು. ಸುಮಾರು 35 ವರ್ಷ ದಿನಕ್ಕೊಂದು ಪ್ಯಾಕ್ ಸಿಗರೇಟು ಸೇದಿ, ನಾಲ್ಕು ವರ್ಷದ ಹಿಂದೆ ಬಿಟ್ಟಿದ್ದರು. ಎಂಟು ತಿಂಗಳ ಹಿಂದಿನ ಸ್ಪೈರೋಮೆಟ್ರಿಯಲ್ಲಿ, ಶ್ವಾಸನಾಳ ಹಿಗ್ಗಿಸುವ ಔಷಧ ಕೊಟ್ಟ ನಂತರವೂ, ಮೊದಲ ಸೆಕೆಂಡಿನಲ್ಲಿ ಹೊರಬಿದ್ದ ಗಾಳಿಗೂ ಒಟ್ಟು ಊದಿದ ಗಾಳಿಗೂ ಇರುವ ಅನುಪಾತ 0.52 ಇತ್ತು, 0.7ಕ್ಕಿಂತ ಕಡಿಮೆಯಿದ್ದರೆ ಅಡಚಣೆ ಖಚಿತ. ಆ ಮೊದಲ ಸೆಕೆಂಡಿನ ಪ್ರಮಾಣ, ಅಂದರೆ ಎಫ್‌ಇವಿ1, ಅವರ ವಯಸ್ಸು ಮತ್ತು ಎತ್ತರಕ್ಕೆ ಇರಬೇಕಾದುದರ ಶೇ. 41ರಷ್ಟಿತ್ತು. ಹಿಂದಿನ ಹನ್ನೆರಡು ತಿಂಗಳಲ್ಲಿ ಕಾಯಿಲೆ ಎರಡು ಬಾರಿ ಉಲ್ಬಣಿಸಿತ್ತು, ಒಮ್ಮೆ ಆಸ್ಪತ್ರೆ ಸೇರಿದ್ದರು. ಮುಂದಿನ ಉಲ್ಬಣವನ್ನು ಮೊದಲೇ ಊಹಿಸಲು ನಮ್ಮಲ್ಲಿರುವ ಅತ್ಯುತ್ತಮ ಸೂಚಕ ಹಿಂದಿನ ಉಲ್ಬಣಗಳೇ ಎಂಬುದನ್ನು 2010ರಲ್ಲಿ ಪ್ರಕಟವಾದ ಎಕ್ಲಿಪ್ಸ್ ಅಧ್ಯಯನ ತೋರಿಸಿತ್ತು. ಆ ಲೆಕ್ಕದಲ್ಲಿ ಇವರು ಎಚ್ಚರಿಕೆಯಿಂದ ನೋಡಿಕೊಳ್ಳಬೇಕಾದವರ ಸಾಲಿಗೆ ಆಗಲೇ ಸೇರಿದ್ದರು.

ದಿನಕ್ಕೊಮ್ಮೆ ಸೇದಲು ಎರಡು ದೀರ್ಘಾವಧಿ ಔಷಧಗಳಿರುವ ಕ್ಯಾಪ್ಸೂಲ್ ಇನ್‌ಹೇಲರ್, ಅಗತ್ಯ ಬಿದ್ದಾಗ ಸಾಲ್ಬುಟಮಾಲ್ ಪಂಪ್, ರಕ್ತದೊತ್ತಡಕ್ಕೆ ಒಂದು ಮಾತ್ರೆ: ಇವಿಷ್ಟು ಅವರ ಔಷಧಗಳು. ಚೀಟಿಯಲ್ಲಿ ಎಲ್ಲವೂ ಸರಿಯಾಗಿಯೇ ಇತ್ತು.

ಆಸ್ಪತ್ರೆಗೆ ಬರುವ ಮುಂಚಿನ ಹತ್ತು ದಿನ

ಮನೆಯವರನ್ನು ಕೂರಿಸಿಕೊಂಡು ಹಿಂದಿನಿಂದ ಮುಂದಕ್ಕೆ ದಿನಗಳನ್ನು ಎಣಿಸಿದಾಗ ಹೊರಬಂದ ಕಥೆ ಹೀಗಿದೆ. ಒಂಬತ್ತು ದಿನದ ಹಿಂದೆ ಮೊಮ್ಮಗನಿಂದ ನೆಗಡಿ ಅಂಟಿತು. ನೆಗಡಿ ತರುವ ರೈನೋವೈರಸ್ ಇಂಥ ಉಲ್ಬಣಗಳಿಗೆ ಅತಿ ಸಾಮಾನ್ಯವಾದ ವೈರಾಣು ಕಾರಣಗಳಲ್ಲಿ ಒಂದು. ಆದರೆ ಮನೆಯಲ್ಲಿ ಯಾರೂ ನೆಗಡಿಯನ್ನೂ ಶ್ವಾಸಕೋಶವನ್ನೂ ಜೋಡಿಸಿ ನೋಡಲಿಲ್ಲ. ಏಳು ದಿನದ ಹಿಂದಿನ ಹೊತ್ತಿಗೆ ಸಾಲ್ಬುಟಮಾಲ್ ಬಳಕೆ ದಿನಕ್ಕೆ ಎರಡು ಮೂರು ಪಫ್‌ಗಳಿಂದ ಹತ್ತಕ್ಕೆ ಏರಿತ್ತು. ನಾಲ್ಕು ದಿನದ ಹಿಂದೆ ಬಿಳಿಯಾಗಿದ್ದ ಕಫ ಹಳದಿ ಹಸಿರಾಗಿ, ಪ್ರಮಾಣವೂ ಹೆಚ್ಚಾಯಿತು. ಆಗ ಅವರು ಹಿಂದಿನ ಸಲ ಉಳಿಸಿಟ್ಟಿದ್ದ ಆಂಟಿಬಯಾಟಿಕ್‌ನ ಮೂರು ಮಾತ್ರೆಗಳನ್ನು ತಾವೇ ತೆಗೆದುಕೊಂಡರು. “ಹೋದ ಸಲ ಅದರಲ್ಲೇ ವಾಸಿಯಾಗಿತ್ತಲ್ಲ” ಎಂಬುದು ಅವರ ತರ್ಕ. ಹೋದ ಸಲ ಅವರಿಗೆ ಸ್ಟೀರಾಯ್ಡ್ ಕೂಡ ಕೊಡಲಾಗಿತ್ತು ಎಂಬುದು ನೆನಪಿನಲ್ಲಿ ಉಳಿದಿರಲಿಲ್ಲ.

ಕೊನೆಯ ದಿನ ಕೆಮ್ಮು ಕಡಿಮೆಯಾಯಿತು. ಮನೆಯವರು ಅದನ್ನು ಗುಣಮುಖವಾಗುವ ಲಕ್ಷಣವೆಂದು ತಿಳಿದರು. ಕೆಮ್ಮುವುದಕ್ಕೂ ತ್ರಾಣ ಬೇಕು. ಮೂರು ರಾತ್ರಿ ನಿದ್ದೆಯಿಲ್ಲದೆ ಭುಜ, ಕುತ್ತಿಗೆಯ ಸ್ನಾಯುಗಳನ್ನೆಲ್ಲ ಉಸಿರಾಟಕ್ಕೆ ಹೂಡಿದ್ದ ದೇಹದಲ್ಲಿ ಆ ತ್ರಾಣ ಮುಗಿದಿತ್ತು. ಹದಿನಾಲ್ಕು ದಿನಗಳೊಳಗೆ ಏದುಸಿರು, ಕೆಮ್ಮು, ಕಫ ಹೆಚ್ಚುತ್ತ ಹೋಗುವುದನ್ನೇ ಈಗಿನ ವ್ಯಾಖ್ಯೆ ಉಲ್ಬಣವೆಂದು ಕರೆಯುತ್ತದೆ. ಹಾಗಾಗಿ ಈ ಉಲ್ಬಣ ಆಂಬುಲೆನ್ಸ್ ಕರೆದ ರಾತ್ರಿ ಶುರುವಾದದ್ದಲ್ಲ, ಪಫ್‌ಗಳ ಲೆಕ್ಕ ಹತ್ತು ಮುಟ್ಟಿದ ದಿನವೇ ಶುರುವಾಗಿತ್ತು.

ಆಮ್ಲಜನಕದ ಲೆಕ್ಕ

ಆಂಬುಲೆನ್ಸ್ ಸಿಬ್ಬಂದಿ ಮನೆಗೆ ಬಂದಾಗ ಆಮ್ಲಜನಕದ ಮಟ್ಟ ಶೇ. 83 ಇತ್ತು. ಅವರು ಚೀಲವಿರುವ ಮಾಸ್ಕ್ ಹಾಕಿ ನಿಮಿಷಕ್ಕೆ 15 ಲೀಟರಿನಂತೆ ಆಮ್ಲಜನಕ ಕೊಟ್ಟರು. 83 ಇದ್ದಾಗ ಆಮ್ಲಜನಕ ಕೊಟ್ಟದ್ದು ತಪ್ಪಲ್ಲ, ಕೊಡದಿದ್ದರೆ ಅಪಾಯವಾಗುತ್ತಿತ್ತು. ಮಟ್ಟ 92 ದಾಟಿದ ಮೇಲೂ ಅದೇ ಹರಿವನ್ನು ನಲವತ್ತು ನಿಮಿಷ ಮುಂದುವರಿಸಿದ್ದು ತಪ್ಪು. ಈ ಕಾಯಿಲೆಯಲ್ಲಿ ಗುರಿ ಇರುವುದು ಶೇ. 88ರಿಂದ 92ರವರೆಗೆ. ಆಸ್ಟ್ರೇಲಿಯಾದ ಟಾಸ್ಮೇನಿಯಾದಲ್ಲಿ ಆಂಬುಲೆನ್ಸ್‌ಗಳಲ್ಲೇ ನಡೆಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 405 ರೋಗಿಗಳ ಪೈಕಿ ಧಾರಾಳವಾಗಿ ಆಮ್ಲಜನಕ ಪಡೆದವರಲ್ಲಿ ಶೇ. 9 ಮಂದಿ ಸಾವಿಗೀಡಾದರೆ, ಈ ಗುರಿಯೊಳಗೆ ಅಳೆದು ಪಡೆದವರಲ್ಲಿ ಶೇ. 4 ಮಂದಿ ಸತ್ತರು. ಸಿಒಪಿಡಿ ಖಚಿತವಾಗಿದ್ದವರನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಂಡರೆ ಅಂತರ ಇನ್ನೂ ಹೆಚ್ಚು: 9ಕ್ಕೆ ಎದುರಾಗಿ 2.

ಆಮ್ಲಜನಕ ಹೆಚ್ಚಾದರೆ ಕಾರ್ಬನ್ ಡೈಆಕ್ಸೈಡ್ ಏಕೆ ಏರುತ್ತದೆ? ಇಂಥವರು ಆಮ್ಲಜನಕದ ಕೊರತೆಯ ಪ್ರಚೋದನೆಯಿಂದಲೇ ಉಸಿರಾಡುತ್ತಿರುತ್ತಾರೆ, ಆಮ್ಲಜನಕ ಕೊಟ್ಟರೆ ಆ ಪ್ರಚೋದನೆ ತಪ್ಪಿ ಉಸಿರಾಟ ಕುಗ್ಗುತ್ತದೆ ಎಂಬ ಉತ್ತರವನ್ನು ವೈದ್ಯ ವಿದ್ಯಾರ್ಥಿಗಳು ತಲೆಮಾರುಗಳಿಂದ ಬಾಯಿಪಾಠ ಮಾಡಿದ್ದಾರೆ, ನಾನೂ ಮಾಡಿದ್ದೇನೆ. ಅದರಲ್ಲಿ ಸತ್ಯಾಂಶವಿದೆ, ಆದರೆ ಅದು ಸಣ್ಣ ಅಂಶ. 1980ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಉಲ್ಬಣಗೊಂಡಿದ್ದ ರೋಗಿಗಳಿಗೆ ಹದಿನೈದು ನಿಮಿಷ ಶುದ್ಧ ಆಮ್ಲಜನಕ ಕೊಟ್ಟಾಗ ಕಾರ್ಬನ್ ಡೈಆಕ್ಸೈಡ್ ಸರಾಸರಿ 23 ಮಿಲಿಮೀಟರ್ ಏರಿತು. ಅವರು ನಿಮಿಷಕ್ಕೆ ಒಳಗೆ ಹೊರಗೆ ಎಳೆದಾಡುತ್ತಿದ್ದ ಗಾಳಿಯ ಒಟ್ಟು ಪ್ರಮಾಣ ಮಾತ್ರ ಮೊದಲಿನ ಶೇ. 93ರಷ್ಟು ಇತ್ತು. ಅಷ್ಟು ಸಣ್ಣ ಇಳಿಕೆ ಅಷ್ಟು ದೊಡ್ಡ ಏರಿಕೆಯನ್ನು ವಿವರಿಸಲಾರದು.

ಹೆಚ್ಚಿನ ಪಾಲು ಶ್ವಾಸಕೋಶದೊಳಗಿನ ರಕ್ತದ ಹಂಚಿಕೆಗೆ ಸೇರಿದ್ದು. ಕಫ ಕಟ್ಟಿ ಗಾಳಿ ಹೋಗದ ಭಾಗಗಳಲ್ಲಿ ಆಮ್ಲಜನಕ ಕಡಿಮೆಯಾದಾಗ ಅಲ್ಲಿನ ರಕ್ತನಾಳಗಳು ತಾವಾಗಿಯೇ ಬಿಗಿದುಕೊಂಡು, ರಕ್ತವನ್ನು ಗಾಳಿಯಾಡುವ ಭಾಗಗಳತ್ತ ತಿರುಗಿಸುತ್ತವೆ. ನೀರು ಬಾರದ ಗದ್ದೆಯ ತೂಬು ಮುಚ್ಚಿ ಬೇರೆ ಗದ್ದೆಗೆ ಹರಿಸಿದಂತೆ ಇದೊಂದು ಜಾಣ ಏರ್ಪಾಡು. ಮಾಸ್ಕಿನಿಂದ ಧಾರಾಳ ಆಮ್ಲಜನಕ ಬಂದಾಗ ಆ ಮೂಲೆಗಳಿಗೂ ಸ್ವಲ್ಪ ತಲುಪಿ ಬಿಗಿತ ಸಡಿಲುತ್ತದೆ, ರಕ್ತ ಮತ್ತೆ ಅಲ್ಲಿಗೇ ಹರಿಯುತ್ತದೆ. ಆದರೆ ಕಾರ್ಬನ್ ಡೈಆಕ್ಸೈಡ್ ಹೊರಹಾಕಲು ಬೇಕಾದ ಗಾಳಿಯ ಓಡಾಟ ಅಲ್ಲಿ ಇನ್ನೂ ಇರುವುದಿಲ್ಲ. ಇದರ ಜೊತೆಗೆ, ಆಮ್ಲಜನಕ ತುಂಬಿಕೊಂಡ ಹಿಮೋಗ್ಲೋಬಿನ್ ತಾನು ಹೊತ್ತಿದ್ದ ಕಾರ್ಬನ್ ಡೈಆಕ್ಸೈಡನ್ನು ಬಿಟ್ಟುಕೊಡುತ್ತದೆ. ಆರೋಗ್ಯವಂತರು ಎರಡು ಉಸಿರು ಹೆಚ್ಚಿಗೆ ಎಳೆದು ಅದನ್ನು ಹೊರಹಾಕಿಬಿಡುತ್ತಾರೆ, ಇವರಿಗೆ ಆ ಹೆಚ್ಚುವರಿ ಉಸಿರು ಇಲ್ಲ.

ಫಲಿತಾಂಶ ನೋಡಿದ ಕೂಡಲೇ ಮಾಸ್ಕ್ ಕಿತ್ತು ಹಾಕುವ ಆತುರ ಕಿರಿಯ ವೈದ್ಯರಲ್ಲಿ ಬಂತು. ಅದೂ ಅಪಾಯ. ದೇಹದಲ್ಲಿ ಶೇಖರವಾದ ಕಾರ್ಬನ್ ಡೈಆಕ್ಸೈಡ್ ನಿಧಾನವಾಗಿ ಇಳಿಯುತ್ತದೆ, ಆಮ್ಲಜನಕ ಮಾತ್ರ ನಿಮಿಷಗಳಲ್ಲಿ ಕುಸಿದು ಮೊದಲಿದ್ದ 83ಕ್ಕಿಂತಲೂ ಕೆಳಕ್ಕೆ ಹೋಗಬಲ್ಲದು. ಆದ್ದರಿಂದ ಶೇ. 28ರಷ್ಟು ಆಮ್ಲಜನಕವನ್ನು ನಿಖರವಾಗಿ ಕೊಡುವ ವೆಂಚುರಿ ಮಾಸ್ಕಿಗೆ ಬದಲಿಸಿ, ಪಕ್ಕದಲ್ಲೇ ನಿಂತು ಗಮನಿಸಲಾಯಿತು. ಮಟ್ಟ 90ಕ್ಕೆ ಬಂದು ನಿಂತಿತು.

ಎದೆಗೆ ಸ್ಟೆತಸ್ಕೋಪ್ ಇಟ್ಟಾಗ ಸಿಳ್ಳೆಯ ಸದ್ದು ಕೇಳಿಸದಿದ್ದುದಕ್ಕೂ ಇಲ್ಲೇ ಉತ್ತರವಿದೆ. ಸಿಳ್ಳೆ ಹುಟ್ಟಲು ಗಾಳಿ ಓಡಬೇಕು. ಓಡುವ ಗಾಳಿಯೇ ಅಷ್ಟು ಕಡಿಮೆಯಾಗಿತ್ತು. ಕೈ ಚಾಚಿ ಮಣಿಕಟ್ಟು ಹಿಂದಕ್ಕೆ ಮಡಿಸಲು ಹೇಳಿದಾಗ ಹಸ್ತಗಳು ರೆಕ್ಕೆ ಬಡಿದಂತೆ ಅದುರಿದವು. ಇದು ಕಾರ್ಬನ್ ಡೈಆಕ್ಸೈಡ್ ಏರಿದ್ದರ ಹಳೆಯ ಗುರುತು, ಯಂತ್ರವೇನೂ ಬೇಕಿಲ್ಲ.

ಮಾಸ್ಕ್ ಮತ್ತು ಹಲ್ಲಿನ ಸೆಟ್

ಪಿಎಚ್ 7.35ಕ್ಕಿಂತ ಕೆಳಗೆ, ಕಾರ್ಬನ್ ಡೈಆಕ್ಸೈಡ್ 45ಕ್ಕಿಂತ ಮೇಲೆ ಇದ್ದು, ಔಷಧಗಳಿಂದ ಬೇಗ ಸರಿಹೋಗದಿದ್ದರೆ ಗಂಟಲಿಗೆ ಕೊಳವೆ ಹಾಕದೆ ಮಾಸ್ಕ್ ಮೂಲಕ ಉಸಿರಾಟಕ್ಕೆ ಬಲ ಕೊಡುವ ಯಂತ್ರವನ್ನು, ರೂಢಿಯ ಮಾತಿನಲ್ಲಿ ಬೈಪ್ಯಾಪ್ ಅನ್ನು, ಹಚ್ಚಬೇಕಾಗುತ್ತದೆ. 1995ರ ಒಂದು ಪ್ರಯೋಗದಲ್ಲಿ ಸಾಮಾನ್ಯ ಚಿಕಿತ್ಸೆ ಪಡೆದವರಲ್ಲಿ ಶೇ. 74 ಮಂದಿಗೆ ಕೊಳವೆ ಹಾಕಬೇಕಾಗಿ ಬಂದರೆ, ಮಾಸ್ಕಿನ ಬೆಂಬಲ ಪಡೆದವರಲ್ಲಿ ಶೇ. 26 ಮಂದಿಗೆ ಮಾತ್ರ ಬೇಕಾಯಿತು. ಆಸ್ಪತ್ರೆಯೊಳಗಿನ ಸಾವು ಶೇ. 29ರಿಂದ 9ಕ್ಕೆ ಇಳಿಯಿತು. ಈ ಕಾಯಿಲೆಯ ಚಿಕಿತ್ಸೆಯಲ್ಲಿ ಇಷ್ಟು ದೊಡ್ಡ ಲಾಭ ಕೊಡುವ ಕ್ರಮಗಳು ಹೆಚ್ಚಿಲ್ಲ.

ಯಂತ್ರ ಮಾಡುವ ಕೆಲಸ ಎರಡು. ಕಿರಿದಾದ ಶ್ವಾಸನಾಳಗಳಿಂದ ಗಾಳಿ ಪೂರ್ತಿ ಹೊರಬೀಳುವ ಮೊದಲೇ ಮುಂದಿನ ಉಸಿರು ಶುರುವಾಗುವುದರಿಂದ ಎದೆಯಲ್ಲಿ ಗಾಳಿ ಸಿಕ್ಕಿಕೊಂಡು ಒಳಗೊಂದು ಒತ್ತಡ ಉಳಿದಿರುತ್ತದೆ. ಹೊಸ ಉಸಿರು ಎಳೆಯಲು ಸ್ನಾಯುಗಳು ಮೊದಲು ಆ ಒತ್ತಡವನ್ನು ಗೆಲ್ಲಬೇಕು. ಉಸಿರು ಬಿಡುವಾಗಲೂ ಯಂತ್ರ ಇಟ್ಟುಕೊಳ್ಳುವ ಸಣ್ಣ ಒತ್ತಡ ಆ ಹೊರೆಯನ್ನು ಇಳಿಸುತ್ತದೆ, ಎಳೆದುಕೊಳ್ಳುವಾಗ ಕೊಡುವ ದೊಡ್ಡ ಒತ್ತಡ ದಣಿದ ವಪೆಗೆ, ಅಂದರೆ ಎದೆ ಹೊಟ್ಟೆಗಳ ನಡುವಿನ ಉಸಿರಾಟದ ಸ್ನಾಯುವಿಗೆ, ವಿಶ್ರಾಂತಿ ಕೊಡುತ್ತದೆ.

ಯಂತ್ರ ಹಚ್ಚುವ ಮೊದಲೇ, ಇದು ಕೈಕೊಟ್ಟರೆ ಮುಂದೇನು ಎಂಬ ಮಾತನ್ನು ಪತ್ನಿ ಮತ್ತು ಮಗಳೊಂದಿಗೆ ಆಡಲಾಯಿತು. ಆರು ವಾರದ ಹಿಂದೆ ಅವರು ತಾವೇ ಸ್ನಾನ ಮಾಡಿ, ನಿಧಾನವಾಗಿಯಾದರೂ ಒಬ್ಬರೇ ಹೊರಗೆ ಓಡಾಡುತ್ತಿದ್ದರು ಎಂಬುದು ಆ ನಿರ್ಧಾರದಲ್ಲಿ ಎಫ್‌ಇವಿ1ಗಿಂತ ಹೆಚ್ಚು ತೂಕದ ಮಾಹಿತಿಯಾಯಿತು. ಅಗತ್ಯವಾದರೆ ಕೊಳವೆ ಹಾಕಿ ತೀವ್ರ ನಿಗಾ ಘಟಕಕ್ಕೆ ಒಯ್ಯುವುದೆಂದು ತೀರ್ಮಾನವಾಗಿ, ಕಡತದಲ್ಲಿ ಬರೆಯಲಾಯಿತು.

ಒಂದು ಗಂಟೆಯ ನಂತರದ ಪರೀಕ್ಷೆ ನಿರಾಸೆ ತಂದಿತು. ಪಿಎಚ್ 7.26, ಕಾರ್ಬನ್ ಡೈಆಕ್ಸೈಡ್ 69. ಒತ್ತಡ ಏರಿಸುವುದೋ, ಕೊಳವೆ ಹಾಕುವುದೋ ಎಂಬ ಚರ್ಚೆ ನಡೆಯುತ್ತಿದ್ದಾಗ, ಮಾಸ್ಕಿನ ಅಂಚಿನಿಂದ ಕಣ್ಣಿನತ್ತ ಗಾಳಿ ಸೋರುತ್ತಿರುವುದನ್ನು ದಾದಿಯೊಬ್ಬರು ತೋರಿಸಿದರು. ಆಂಬುಲೆನ್ಸಿನಲ್ಲೇ ಹಲ್ಲಿನ ಸೆಟ್ ತೆಗೆದು ಚೀಲದಲ್ಲಿಟ್ಟಿದ್ದರು. ಸೆಟ್ ಇಲ್ಲದೆ ಕೆನ್ನೆ ಒಳಗೆ ಕುಸಿದು ಮಾಸ್ಕ್ ಕೂರುತ್ತಿರಲಿಲ್ಲ. ಹೆಸರು ಹಿಡಿದು ಕರೆದರೆ ಕಣ್ಣು ಬಿಟ್ಟು ಹೇಳಿದಂತೆ ಕೇಳುತ್ತಿದ್ದರಿಂದ, ಗಟ್ಟಿಯಾಗಿ ಕೂರುವ ಆ ಸೆಟ್ಟನ್ನು ಮತ್ತೆ ಹಾಕಿಸಿ, ಮಾಸ್ಕಿನ ಅಳತೆ ಬದಲಿಸಿ, ಪಟ್ಟಿ ಬಿಗಿಯುವ ಮೊದಲು ಹದಿನೈದು ನಿಮಿಷ ಕೈಯಲ್ಲೇ ಹಿಡಿದು ಅವರಿಗೆ ಲಯ ಹೊಂದಿಸಿಕೊಳ್ಳಲು ಬಿಟ್ಟರು. ಎಳೆತದ ಒತ್ತಡವನ್ನು ಹಂತ ಹಂತವಾಗಿ 12ರಿಂದ 18ಕ್ಕೆ ಏರಿಸಲಾಯಿತು. ಇನ್ನೆರಡು ಗಂಟೆಯಲ್ಲಿ ಪಿಎಚ್ 7.31, ಕಾರ್ಬನ್ ಡೈಆಕ್ಸೈಡ್ 61. ಮರುದಿನ ಬೆಳಿಗ್ಗೆ 7.37 ಮತ್ತು 53. ಯಂತ್ರ ವಿಫಲವಾಯಿತು ಎಂದು ಬರೆಯುವ ಎಷ್ಟೋ ಪ್ರಕರಣಗಳಲ್ಲಿ ವಿಫಲವಾಗಿರುವುದು ಮಾಸ್ಕಿನ ಅಂಚು ಎಂಬ ಅನುಮಾನ ನನಗೆ ಅಂದಿನಿಂದ ಹೋಗಿಲ್ಲ.

ಬೇರೇನಾದರೂ ಇತ್ತೇ

ಸಿಒಪಿಡಿ ಇದೆಯೆಂದು ಗೊತ್ತಿರುವವರಿಗೆ ಏದುಸಿರು ಬಂದರೆ ಅದು ಸಿಒಪಿಡಿಯದ್ದೇ ಎಂದುಕೊಳ್ಳುವುದು ಸುಲಭ. ಎಕ್ಸ್‌ರೇಯಲ್ಲಿ ಹಿಗ್ಗಿದ ಶ್ವಾಸಕೋಶ, ಚಪ್ಪಟೆಯಾದ ವಪೆ ಕಂಡವು. ನ್ಯುಮೋನಿಯಾ ಇರಲಿಲ್ಲ, ಪುಪ್ಪುಸ ಒಡೆದು ಎದೆಗೂಡಿನಲ್ಲಿ ಗಾಳಿ ತುಂಬಿಕೊಂಡಿರಲಿಲ್ಲ. ಇಸಿಜಿಯಲ್ಲಿ ವೇಗದ ಬಡಿತ ಬಿಟ್ಟರೆ ಹೊಸದೇನಿರಲಿಲ್ಲ, ಹೃದಯ ವೈಫಲ್ಯದ ರಕ್ತಪರೀಕ್ಷೆ ಸಹಜ ಮಿತಿಯಲ್ಲಿತ್ತು. ಶ್ವಾಸಕೋಶದ ರಕ್ತನಾಳದಲ್ಲಿ ಹೆಪ್ಪು ಸಿಕ್ಕಿಕೊಂಡಿರಬಹುದೇ ಎಂಬುದು ಉಳಿದ ಪ್ರಶ್ನೆ. ಏದುಸಿರು ಉಲ್ಬಣಿಸಿ ಆಸ್ಪತ್ರೆಗೆ ಬಂದ 740 ಸಿಒಪಿಡಿ ರೋಗಿಗಳನ್ನು ಫ್ರಾನ್ಸಿನಲ್ಲಿ ಪರೀಕ್ಷಿಸಿದಾಗ ಶೇ. 5.9 ಮಂದಿಯಲ್ಲಿ ಹೆಪ್ಪು ಕಂಡಿತ್ತು ಎಂದು 2021ರಲ್ಲಿ ವರದಿಯಾಗಿದೆ. ಎಲ್ಲರಿಗೂ ಸಿಟಿ ಸ್ಕ್ಯಾನ್ ಮಾಡುವಷ್ಟು ಹೆಚ್ಚಲ್ಲ, ಮರೆಯುವಷ್ಟು ಕಡಿಮೆಯೂ ಅಲ್ಲ. ಇವರಲ್ಲಿ ನೆಗಡಿಯಿಂದ ಬಣ್ಣ ಬದಲಿಸಿದ ಕಫದವರೆಗಿನ ಸರಣಿ ಸ್ಪಷ್ಟವಾಗಿತ್ತು, ಕಾಲಿನ ಊತ ಇರಲಿಲ್ಲ, ಕಡಿಮೆ ಆಮ್ಲಜನಕದಲ್ಲೇ ಮಟ್ಟ ಸುಧಾರಿಸಿತು. ಸಿಟಿ ಮಾಡಲಿಲ್ಲ.

ಔಷಧಗಳ ವಿಷಯದಲ್ಲಿ ಹೇಳುವುದು ಕಡಿಮೆ. ಸಾಲ್ಬುಟಮಾಲ್ ಮತ್ತು ಇಪ್ರಟ್ರೋಪಿಯಂ ಅನ್ನು ನೆಬ್ಯುಲೈಸರ್ ಮೂಲಕ, ಆಮ್ಲಜನಕದ ಬದಲು ಸಾದಾ ಗಾಳಿಯ ಒತ್ತಡದಿಂದ ಕೊಡಲಾಯಿತು. ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ದಿನಕ್ಕೆ 40 ಮಿಲಿಗ್ರಾಂನಂತೆ ಐದು ದಿನ. ಸ್ವಿಟ್ಜರ್ಲೆಂಡಿನ 2013ರ ರಿಡ್ಯೂಸ್ ಪ್ರಯೋಗ ಹದಿನಾಲ್ಕು ದಿನಕ್ಕಿಂತ ಐದು ದಿನದ ಕ್ರಮ ಕಡಿಮೆಯೇನಲ್ಲವೆಂದು ತೋರಿಸಿದ ಮೇಲೆ ಎರಡು ವಾರ ಎಳೆಯಲು ಕಾರಣವಿಲ್ಲ. ಏದುಸಿರು, ಕಫದ ಪ್ರಮಾಣ, ಕಫದ ಕೀವುಬಣ್ಣ ಮೂರೂ ಹೆಚ್ಚಿದ್ದರಿಂದ ಆಂಟಿಬಯಾಟಿಕ್ ಐದು ದಿನ ಕೊಟ್ಟೆವು. 1987ರಲ್ಲಿ ಕೆನಡಾದಲ್ಲಿ ಹೊರಬಂದ ಈ ಮೂರು ಲಕ್ಷಣಗಳ ಅಳತೆ ಇಷ್ಟು ವರ್ಷಗಳಾದರೂ ರೋಗಿಯ ಹಾಸಿಗೆಯ ಬಳಿ ಉಪಯೋಗಕ್ಕೆ ಬರುತ್ತಿದೆ.

ಕ್ಯಾಪ್ಸೂಲಿನಲ್ಲೇ ಉಳಿದ ಪುಡಿ

ನಾಲ್ಕನೆಯ ದಿನ, ಮನೆಯಲ್ಲಿ ಇನ್‌ಹೇಲರ್ ಹೇಗೆ ಬಳಸುತ್ತೀರೋ ಹಾಗೆಯೇ ತೋರಿಸಿ ಎಂದು ಕೇಳಿದೆವು. ಅವರು ಕ್ಯಾಪ್ಸೂಲ್ ಹಾಕಿ, ಗುಂಡಿ ಒತ್ತಿ, ಬಾಯಿಗಿಟ್ಟು ಮೆಲ್ಲಗೆ ಎಳೆದರು. ಸಾಧನದೊಳಗೆ ಕ್ಯಾಪ್ಸೂಲ್ ತಿರುಗುವ ಗರಗರ ಸದ್ದು ಬರಲಿಲ್ಲ. ತೆರೆದು ನೋಡಿದರೆ ಪುಡಿಯ ಬಹುಪಾಲು ಅಲ್ಲೇ ಇತ್ತು. ಪುಡಿ ಇನ್‌ಹೇಲರನ್ನು ಜೋರಾಗಿ, ಆಳವಾಗಿ ಎಳೆಯಬೇಕು. ಪಂಪ್ ಇನ್‌ಹೇಲರನ್ನು ನಿಧಾನವಾಗಿ ಎಳೆಯಬೇಕು. ಎರಡನ್ನೂ ಇಟ್ಟುಕೊಂಡಿದ್ದ ಅವರು ಎರಡನ್ನೂ ಪಂಪಿನಂತೆಯೇ ಬಳಸುತ್ತಿದ್ದರು. ತಿಂಗಳುಗಟ್ಟಲೆ ಚೀಟಿಯಲ್ಲಿದ್ದ ಔಷಧ ಶ್ವಾಸಕೋಶಕ್ಕೆ ಸರಿಯಾಗಿ ಇಳಿದೇ ಇರಲಿಲ್ಲ.

“ಇದನ್ನ ಎಳೆದ್ರೆ ಏನೂ ಗೊತ್ತಾಗಲ್ಲ, ಅದನ್ನ ಎಳೆದ್ರೆ ಐದು ನಿಮಿಷಕ್ಕೆ ಹಗುರ ಆಗುತ್ತೆ” ಎಂದರು. ತಕ್ಷಣ ಹಗುರ ಮಾಡುವ ಔಷಧವನ್ನು ನಂಬುವುದು, ಸದ್ದಿಲ್ಲದೆ ಉಲ್ಬಣವನ್ನು ತಡೆಯುವ ಔಷಧವನ್ನು ಕಡೆಗಣಿಸುವುದು ಸಹಜ. ಎಂಟು ತಿಂಗಳ ಹಿಂದೆ ಔಷಧ ಬರೆದು ಕೊಟ್ಟವರು ಎಳೆಯಲು ಹೇಳಿಕೊಟ್ಟಿದ್ದರಂತೆ. ಆಮೇಲೆ ಯಾರೂ ಮತ್ತೆ ತೋರಿಸಿ ಎಂದು ಕೇಳಿರಲಿಲ್ಲ.

ಇಲ್ಲಿ ನಮ್ಮ ತಂಡದಲ್ಲಿ ಭಿನ್ನಾಭಿಪ್ರಾಯ ಬಂತು. ಔಷಧ ಒಳಗೇ ಹೋಗಿಲ್ಲವೆಂದ ಮೇಲೆ ಎಳೆಯುವ ಕ್ರಮ ತಿದ್ದಿದರೆ ಸಾಕು, ಹೊಸ ಔಷಧ ಸೇರಿಸುವುದೇಕೆ ಎಂಬುದು ಒಂದು ವಾದ. ಅದು ಹಗುರವಾದ ವಾದವಲ್ಲ. ಆದರೆ ಹಿಂದಿನ ಆಸ್ಪತ್ರೆವಾಸದ ಜೊತೆಗೆ, ಎಂಟು ತಿಂಗಳ ಹಿಂದೆ ಸ್ಥಿರವಾಗಿದ್ದಾಗ ಮಾಡಿಸಿದ ರಕ್ತಪರೀಕ್ಷೆಯಲ್ಲಿ ಇಯೊಸಿನೊಫಿಲ್ ಎಂಬ ಬಿಳಿ ರಕ್ತಕಣಗಳು ಮೈಕ್ರೋಲೀಟರಿಗೆ 340 ಇದ್ದವು. 300 ದಾಟಿದವರಿಗೆ ಇನ್‌ಹೇಲರ್ ಸ್ಟೀರಾಯ್ಡ್‌ನಿಂದ ಲಾಭ ಹೆಚ್ಚು. ಈ ಬಾರಿ ದಾಖಲಾದಾಗ ಅದು 90 ಇದ್ದದ್ದನ್ನು ಹಿಡಿದುಕೊಂಡು ಬೇಡವೆನ್ನಲು ಆಗುವುದಿಲ್ಲ, ಏಕೆಂದರೆ ತೀವ್ರ ಸೋಂಕಿನಲ್ಲಿ ಆ ಸಂಖ್ಯೆ ಇಳಿಯುತ್ತದೆ. ಕೊನೆಗೆ ಮೂರು ಔಷಧಗಳಿರುವ ಪಂಪನ್ನು ಸ್ಪೇಸರ್, ಅಂದರೆ ಪಂಪಿಗೆ ಜೋಡಿಸುವ ಅಗಲ ಕೊಳವೆ, ಜೊತೆಗೆ ಕೊಟ್ಟೆವು. ಸ್ಟೀರಾಯ್ಡ್ ಇರುವುದರಿಂದ ನ್ಯುಮೋನಿಯಾ ಸಂಭವ ಸ್ವಲ್ಪ ಹೆಚ್ಚುತ್ತದೆ ಎಂಬುದನ್ನು, ಎಳೆದ ಮೇಲೆ ಬಾಯಿ ಮುಕ್ಕಳಿಸಬೇಕು ಎಂಬುದನ್ನು ಪತ್ನಿಗೂ ಹೇಳಲಾಯಿತು. ಈಗ ಅವರ ಬಳಿ ಇರುವ ಎರಡೂ ಸಾಧನಗಳನ್ನು ಒಂದೇ ರೀತಿ ಎಳೆಯಬೇಕು. ನನ್ನ ಮಟ್ಟಿಗೆ ಆ ಬದಲಾವಣೆಯೇ ದೊಡ್ಡದು.

ಮನೆಗೆ ಹೋದ ಮೇಲೆ

ಆರನೆಯ ದಿನ ಮನೆಗೆ ಕಳಿಸಿದಾಗ ಹೊರಗಿನ ಆಮ್ಲಜನಕವಿಲ್ಲದೆ ಮಟ್ಟ ಶೇ. 90 ಇತ್ತು. ಮನೆಗೊಂದು ಆಮ್ಲಜನಕ ಯಂತ್ರ ಬರೆದುಕೊಡಿ ಎಂದು ಮಗಳು ಕೇಳಿದರು. ದೀರ್ಘಾವಧಿ ಆಮ್ಲಜನಕದ ನಿರ್ಧಾರವನ್ನು ಉಲ್ಬಣದ ಬಿಸಿಯಲ್ಲಿ ಮಾಡಬಾರದು. ಎರಡು ಮೂರು ತಿಂಗಳ ನಂತರ ಸ್ಥಿರ ಸ್ಥಿತಿಯಲ್ಲಿ ಆಮ್ಲಜನಕದ ಒತ್ತಡ 55 ಮಿಲಿಮೀಟರ್ ಅಥವಾ ಅದಕ್ಕಿಂತ ಕಡಿಮೆಯಿದ್ದರೆ, ಅಥವಾ ಹೃದಯದ ಬಲಭಾಗ ಸೋತಿದ್ದು 60ಕ್ಕಿಂತ ಕಡಿಮೆಯಿದ್ದರೆ ಮಾತ್ರ ಅದು ಆಯುಷ್ಯ ಹೆಚ್ಚಿಸುತ್ತದೆ ಎಂದು ವಿವರಿಸಿದೆವು. ಮನೆಯಲ್ಲೇ ಬೈಪ್ಯಾಪ್ ಬೇಕೇ ಎಂಬ ಪ್ರಶ್ನೆಯನ್ನೂ ನಾಲ್ಕನೆಯ ವಾರಕ್ಕೆ ಮುಂದೂಡಿದೆವು. 2017ರ ಒಂದು ಬ್ರಿಟಿಷ್ ಪ್ರಯೋಗದಲ್ಲಿ, ಉಲ್ಬಣ ತಗ್ಗಿದ ಎರಡರಿಂದ ನಾಲ್ಕು ವಾರಗಳ ನಂತರವೂ ಕಾರ್ಬನ್ ಡೈಆಕ್ಸೈಡ್ 53ಕ್ಕಿಂತ ಮೇಲಿದ್ದವರಿಗೆ ಮನೆಯಲ್ಲಿ ಆಮ್ಲಜನಕದೊಂದಿಗೆ ಈ ಯಂತ್ರವನ್ನೂ ಕೊಟ್ಟಾಗ ಮರುದಾಖಲಾತಿ ಅಥವಾ ಸಾವಿನವರೆಗಿನ ಮಧ್ಯಂಕ ಅವಧಿ 1.4 ತಿಂಗಳಿಂದ 4.3 ತಿಂಗಳಿಗೆ ಏರಿತ್ತು. ಇವರ ಕಾರ್ಬನ್ ಡೈಆಕ್ಸೈಡ್ ನಾಲ್ಕನೆಯ ವಾರ 47ಕ್ಕೆ ಇಳಿದಿದ್ದರಿಂದ ಯಂತ್ರದ ಅಗತ್ಯ ಬೀಳಲಿಲ್ಲ.

ಅದೇ ವಾರ ಶ್ವಾಸಕೋಶ ಪುನಶ್ಚೇತನದ ವ್ಯಾಯಾಮ ಶುರುವಾಯಿತು. ಮೊದಲ ದಿನ ಅವರು ಕಾಲಿನ ನೋವಿಗೆ ಕುಳಿತರೇ ಹೊರತು ಉಸಿರಿಗಲ್ಲ. ಆರು ದಿನದ ಹಾಸಿಗೆ ಮತ್ತು ಸ್ಟೀರಾಯ್ಡ್ ತೊಡೆಯ ಸ್ನಾಯುಗಳನ್ನು ಅಷ್ಟು ಸವೆಸಿದ್ದವು. ಫ್ಲೂ ಮತ್ತು ನ್ಯುಮೊಕಾಕಸ್ ಲಸಿಕೆಗಳನ್ನು ಹಾಕಿಸಲಾಯಿತು. ಉಲ್ಬಣದ ನಂತರದ ವಾರಗಳಲ್ಲಿ ಹೃದಯಾಘಾತದ ಸಂಭವ ಹೆಚ್ಚಿರುವುದರಿಂದ ರಕ್ತದೊತ್ತಡ, ಕೊಬ್ಬು ಎರಡನ್ನೂ ಮತ್ತೆ ನೋಡಲಾಯಿತು. ಹನ್ನೆರಡನೆಯ ವಾರ ಎಫ್‌ಇವಿ1 ಶೇ. 38, ಹಳೆಯ 41ಕ್ಕೆ ಮರಳಲಿಲ್ಲ. ಆಮ್ಲಜನಕದ ಒತ್ತಡ 63 ಇತ್ತು, ಮಗಳು ಕೇಳಿದ್ದ ಯಂತ್ರ ಬೇಕಾಗಲಿಲ್ಲ.

ಅವರಿಗೆ ಎರಡು ಕಾಗದ ಕೊಟ್ಟಿದ್ದೆವು. ಒಂದು ಜೇಬಿನಲ್ಲಿಡುವ ಚೀಟಿ: ಇವರಿಗೆ ಆಮ್ಲಜನಕ ಕೊಡುವಾಗ ಗುರಿ 88ರಿಂದ 92, ಹಿಂದೊಮ್ಮೆ ಕಾರ್ಬನ್ ಡೈಆಕ್ಸೈಡ್ ಏರಿದೆ. ಇನ್ನೊಂದರಲ್ಲಿ ಅವರ ಆರೋಗ್ಯದ ದಿನದ ಅಳತೆಗಳು: ಮಟ್ಟ 91, ದಿನಕ್ಕೆ ಎರಡು ಪಫ್, ಬಿಳಿ ಕಫ, ಒಂದು ಮಹಡಿ ಹತ್ತಲು ಒಮ್ಮೆ ನಿಲ್ಲುವುದು. ಇವುಗಳಲ್ಲಿ ಎರಡು ಬದಲಾಗಿ ಎರಡು ದಿನ ಹಾಗೆಯೇ ಇದ್ದರೆ ಫೋನ್ ಮಾಡಬೇಕು. ಮನೆಯಲ್ಲಿಡಲು ಐದು ದಿನದ ಸ್ಟೀರಾಯ್ಡ್ ಮತ್ತು ಆಂಟಿಬಯಾಟಿಕ್ ಕೊಟ್ಟು, ಫೋನ್ ಮಾಡದೆ ಶುರು ಮಾಡಬಾರದೆಂದು ಪೊಟ್ಟಣದ ಮೇಲೆ ಬರೆದೆವು.

ಐದನೆಯ ತಿಂಗಳಲ್ಲಿ ಮತ್ತೆ ನೆಗಡಿ ಬಂತು. ಎರಡನೆಯ ದಿನ ಸಂಜೆ ಫೋನ್ ಮಾಡಿದ್ದು ಅವರ ಪತ್ನಿ. “ಮಿಷನ್‌ನಲ್ಲಿ 91 ಇದೆ, ಅದು ಯಾವಾಗ್ಲೂ ಇರೋದೇ. ಆದ್ರೆ ಪಂಪು ನಿನ್ನೆ ಏಳು ಸಲ, ಇವತ್ತು ಇಷ್ಟೊತ್ತಿಗೇ ಎಂಟು ಸಲ ಆಯ್ತು, ಕಫಾನೂ ಹಳದಿ ಆಗಿದೆ” ಎಂದರು. ಪೊಟ್ಟಣ ತೆರೆಯಲು ಹೇಳಿ, ಮರುದಿನ ಬೆಳಿಗ್ಗೆ ಕರೆಸಿ ನೋಡಿದೆವು. ಎದೆಯಲ್ಲಿ ಸಿಳ್ಳೆ ಜೋರಾಗಿಯೇ ಕೇಳಿಸುತ್ತಿತ್ತು. ದಾಖಲು ಮಾಡಿಕೊಳ್ಳದೆ ಮನೆಗೆ ಕಳಿಸಿದೆವು.